ಚಕ್ರದ ನಾಣ್ಯದ ಹುಡುಗಿ

ನಮ್ಮ ದೊಡ್ಡಮ್ಮನ ಕೆಲಸದ ಕೋಣೆಯಲ್ಲಿ ಒಂದು ಗಾಜಿನ ಕಪಾಟಿದೆ. ಅದರ ಮೇಲಿನ ಅರೆಯಲ್ಲಿ ನಮ್ಮ ಮನೆಯವರ ಬಾಯಿಗಳಿವೆ. ತಾತನ ಬಾಯಿ, ಅಪ್ಪನ ಬಾಯಿ, ಅಮ್ಮನ ಬಾಯಿ, ಏಳು ವರ್ಷದ ನನ್ನ ಬಾಯಿ. ಎಲ್ಲವೂ ಬಿಳಿ ಪ್ಲಾಸ್ಟರಿನವು. ತಾತ ತೀರಿಕೊಂಡು ಎಷ್ಟೋ ವರ್ಷಗಳಾದವು, ಬಾಯಿ ಮಾತ್ರ ಇನ್ನೂ ಏನೋ ಹೇಳಲು ಹೊರಟು ಅರ್ಧಕ್ಕೆ ನಿಂತಿದೆ. ಕೆಳಗಿನ ಅರೆಯಲ್ಲಿ ದೊಡ್ಡಮ್ಮನ ಗ್ರೀಕ್ ನಾಣ್ಯಗಳಿವೆ. ನಾನು ಇಪ್ಪತ್ತೆಂಟು ವರ್ಷ ಮುಚ್ಚಿಟ್ಟ ಒಂದು ಸುಳ್ಳು ಈ ಎರಡು ಅರೆಗಳ ನಡುವಿನ ಒಂದು ಗೇಣು ಜಾಗದಲ್ಲೇ ಇತ್ತು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಬೀದಿಯವರೆಲ್ಲ ಅವಳನ್ನು ಹಲ್ಲಮ್ಮ ಎಂದೇ ಕರೆಯುವುದು. ಮದುವೆಯಾದ ನಾಲ್ಕನೆಯ ವರ್ಷಕ್ಕೇ ದೊಡ್ಡಪ್ಪ ತೀರಿಕೊಂಡರು, ಮಕ್ಕಳಿರಲಿಲ್ಲ. ಒಂದು ಉಜ್ಜುವ ಮೋಟಾರು, ಎರಡು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಯ ಕೆಳಗಿನ ಎರಡು ಕೋಣೆಗೆ ಬಂದಳು. ನಾನು ಹುಟ್ಟಿದ್ದು ಅದರ ಮರುವರ್ಷ.

ಗ್ರೀಕರ ಹುಚ್ಚು ಅವಳಿಗೆ ಹಿಡಿದದ್ದು ಪ್ಲಾಸ್ಟರಿನಿಂದ. ಪ್ಲಾಸ್ಟರ್ ಹೊಯ್ದರೆ ಅದು ಗಟ್ಟಿಯಾಗುವವರೆಗೆ ಮುಕ್ಕಾಲು ಗಂಟೆ ಅದನ್ನು ಮುಟ್ಟುವ ಹಾಗಿಲ್ಲ. ಆ ಮುಕ್ಕಾಲು ಗಂಟೆಗೆ ಅಂತ ಗ್ರಂಥಾಲಯದಿಂದ ಒಂದು ದಪ್ಪ ಚರಿತ್ರೆಯ ಪುಸ್ತಕ ತಂದಳು. ಒಂದು ಯುದ್ಧ ಮುಗಿಯಲು ಆರು ಬಾಯಿ ಬೇಕಾದವಂತೆ. ಪುಸ್ತಕ ಮುಗಿಯುವ ಹೊತ್ತಿಗೆ ಅರ್ಧ ಊರಿಗೆ ಹಲ್ಲು ಬಂದಿತ್ತು, ದೊಡ್ಡಮ್ಮನಿಗೆ ಓದು ಸಾಲದಾಗಿತ್ತು. ಓದಿದ್ದನ್ನು ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿತು. ಕೈಯಿಂದಲೇ ಬದುಕುವವರಿಗೆ ಹಾಗೆ ಅನ್ನಿಸುವುದು ಸಹಜ.

ಹಳೆಯ ಗ್ರೀಕ್ ನಾಣ್ಯ ಎಂದರೆ ಅರಮನೆ ಮಾರಿ ಕೊಳ್ಳುವ ವಸ್ತು ಎಂದು ನಾವೆಲ್ಲ ತಿಳಿದಿದ್ದೆವು. ಹಾಗೇನಿಲ್ಲ. ಸಂತೆ ಬೀದಿಗಳಲ್ಲಿ ಓಡಾಡಿದ ಚಿಲ್ಲರೆ ಕಾಸು ಇಂದಿಗೂ ಚಿಲ್ಲರೆಯೇ. ದೂರದ ಊರಿನ ಒಬ್ಬ ವ್ಯಾಪಾರಿ ಸವೆದವು, ಅಂಚು ಮುರಿದವು, ಹಸಿರುಗಟ್ಟಿದವು, ಯಾರಿಗೂ ಬೇಡವಾದವು ಎಲ್ಲವನ್ನೂ ಐದೈದರ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುತ್ತಿದ್ದ. ದೊಡ್ಡಮ್ಮ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು. ಒಂದು ಹಲ್ಲು ಕೂರಿಸಿದ್ದಕ್ಕೆ ಸಿಗುವ ಕೂಲಿಯೆಷ್ಟೋ ಅಷ್ಟರೊಳಗೆ ಒಂದು ನಾಣ್ಯ. ಅದಕ್ಕಿಂತ ಹೆಚ್ಚಿನ ಬೆಲೆಯದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅಮ್ಮ ಮೂಗು ಮುರಿಯುತ್ತಿದ್ದಳು. "ಅಕ್ಕಾ, ಇದು ನಾಣ್ಯಾನೋ, ಹಳೇ ಅಂಗಿ ಗುಂಡೀನೋ? ಮುಖಾನೇ ಇಲ್ವಲ್ಲೇ ಇದರಲ್ಲಿ!"

"ಮುಖ ಚೆನ್ನಾಗಿದೆ ಅಂದ್ರೆ ಅದು ಯಾರೋ ಮಡಕೇಲಿ ಹೂತಿಟ್ಟು ಮರೆತದ್ದು ಅಂತ ಅರ್ಥ," ಎನ್ನುತ್ತಿದ್ದಳು ದೊಡ್ಡಮ್ಮ. "ಅದಕ್ಕೇನು ಗೊತ್ತು ಪ್ರಪಂಚ? ಸವೆದದ್ದು ನೋಡು, ಊರೆಲ್ಲಾ ಸುತ್ತಿದೆ. ಮೀನು ಮಾರೋಳ ಕೈ, ದೋಣಿಯವನ ಕೈ, ಸಾಲ ಕೇಳಕ್ಕೆ ಬಂದ ಭಾವಮೈದುನನ ಕೈ. ನಂಗೆ ಇಂಥದ್ದೇ ಬೇಕು."

ಶುರುವಿನಲ್ಲಿ ಅವಳೊಂದು ಘೋರ ತಪ್ಪು ಮಾಡಿದಳು. ಜೇನುಹುಳುವಿನ ಚಿತ್ರವಿದ್ದ ಒಂದು ಕಂಚಿನ ನಾಣ್ಯ ಬಂದಿತ್ತು. ಹಲ್ಲಿನ ಸೆಟ್ಟು ಉಜ್ಜುವ ಮೋಟಾರಿಗೆ ಅದನ್ನು ಹಿಡಿದು ಫಳಫಳ ಹೊಳೆಯಿಸಿಬಿಟ್ಟಳು. ಹಸಿರೂ ಹೋಯಿತು, ಜೇನುಹುಳೂ ಹೋಯಿತು. ಆ ಬೋಳು ಬಿಲ್ಲೆಯನ್ನು ಇವತ್ತಿಗೂ ನಾಣ್ಯ ಜೋಡಿಸಿಡುವ ಮರದ ತಟ್ಟೆಯ ಮೊದಲ ಗುಳಿಯಲ್ಲಿ ಇಟ್ಟಿದ್ದಾಳೆ. ಅದರ ಕೆಳಗಿನ ಚೀಟಿಯಲ್ಲಿ "ನನ್ನ ದಡ್ಡತನ" ಎಂದು ಬರೆದಿದೆ. ಪ್ರತಿ ನಾಣ್ಯಕ್ಕೂ ಅವಳು ಹಾಗೊಂದು ದುಂಡು ಚೀಟಿ ಬರೆಯುತ್ತಾಳೆ. ಯಾವ ಊರು, ಯಾವ ಕಾಲ, ಎಷ್ಟು ತೂಕ, ಏನು ವಿಶೇಷ. ಆಮೇಲಿಂದ ಯಾವ ನಾಣ್ಯವನ್ನೂ ತಿಕ್ಕಲಿಲ್ಲ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಬಟ್ಟಲುಗಳಲ್ಲಿ ತುಂಬಿ ನೆನೆಯಲು ಬಿಡುತ್ತಿದ್ದಳು. ಮಧ್ಯಾಹ್ನದ ಬಿಸಿಲು ಆ ಬಟ್ಟಲುಗಳ ಮೇಲೆ ಬಿದ್ದು ಚಾವಣಿಯಲ್ಲಿ ಬೆಳಕಿನ ಉಂಗುರಗಳು ತೂಗುತ್ತಿದ್ದವು. ಪ್ಲಾಸ್ಟರ್ ಧೂಳು ನಿಧಾನವಾಗಿ ಇಳಿಯುತ್ತಿತ್ತು. ನಾನು ನೆಲದ ಮೇಲೆ ಅಂಗಾತ ಮಲಗಿ ಅದನ್ನೇ ನೋಡುತ್ತ ದೊಡ್ಡಮ್ಮನ ಕತೆ ಕೇಳುತ್ತಿದ್ದೆ. ನನ್ನ ಬಾಲ್ಯವೆಲ್ಲ ಆ ಬೆಳಕಿನ ಉಂಗುರಗಳ ಕೆಳಗೇ ಕಳೆಯಿತು ಎಂದರೂ ಸರಿಯೇ.

ಅಂಥ ಒಂದು ಮಧ್ಯಾಹ್ನ ಅವಳು ಹೇಳಿದಳು: "ಆ ಜನಕ್ಕೆ ಜೇಬು ಇರ್ಲಿಲ್ಲ ಕಣೇ ಪುಟ್ಟಿ. ಸಣ್ಣ ಬೆಳ್ಳಿ ಕಾಸನ್ನ ಕೆನ್ನೆಯೊಳಗೆ ಇಟ್ಕೊಂಡು ಸಂತೆಗೆ ಹೋಗ್ತಿದ್ರಂತೆ."

"ನುಂಗಿಬಿಟ್ರೆ?"

"ನುಂಗಿದ್ರೆ ಅವತ್ತು ಮೀನಿಲ್ಲ," ಎಂದು ನಕ್ಕಳು.

ನನಗಾಗ ಆರು ವರ್ಷ ಏಳು ತಿಂಗಳು. ಮರುದಿನವೋ ಅದರ ಮರುದಿನವೋ ಒಂದು ಹೊಸ ಪೊಟ್ಟಣ ಬಂತು. ದೊಡ್ಡಮ್ಮ ಅದನ್ನು ಬಿಚ್ಚಿ, ಐದು ನಾಣ್ಯಗಳನ್ನು ಮೇಜಿನ ಮೇಲೆ ಸುರಿದಳು. ಅಷ್ಟರಲ್ಲಿ ಡಾಕ್ಟರ ಕಡೆಯವರು ಬಾಗಿಲು ಬಡಿದರು, ಎದ್ದು ಹೋದಳು. ಐದರಲ್ಲಿ ಒಂದು ಬೆಳ್ಳಿಯದು. ನನ್ನ ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು, ಕಾಗದದಷ್ಟು ಹಗುರ. ಒಂದು ಕಡೆ ಗುಂಗುರು ಕೂದಲಿನ ಹುಡುಗನ ಮುಖ, ಇನ್ನೊಂದು ಕಡೆ ನಾಲ್ಕು ಕಡ್ಡಿಯ ಚಕ್ರ. ನಾನು ಅದನ್ನು ತೆಗೆದು ಕೆನ್ನೆಯೊಳಗೆ ಇಟ್ಟುಕೊಂಡೆ. ನಾನೂ ಸಂತೆಗೆ ಹೊರಟಿದ್ದೆ.

ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಮೂರನೆಯ ಸುತ್ತಿಗೆ ಹೆಜ್ಜೆ ಸಪ್ಪಳ ಕೇಳಿಸಿತು. ನಾಣ್ಯ ನಾಲಿಗೆಯ ಮೇಲೆ ಜಾರಿ ಗಂಟಲಿನತ್ತ ಹೊರಟಿತು. ಜೀವ ಬಾಯಿಗೆ ಬಂತು. ಹೇಗೋ ಅದನ್ನು ಪಕ್ಕಕ್ಕೆ ತಳ್ಳಿ ಗಟ್ಟಿಯಾಗಿ ಕಚ್ಚಿ ಹಿಡಿದೆ. ಆಮೇಲೆ ಉಗುಳಿ, ಲಂಗಕ್ಕೆ ಒರೆಸಿ, ಮೇಜಿನ ಮೇಲಿಟ್ಟು, ನೆಲದ ಮೇಲೆ ಮಲಗಿ ಚಾವಣಿ ನೋಡತೊಡಗಿದೆ. ದೊಡ್ಡಮ್ಮ ಬಂದು ಐದನ್ನೂ ಬಟ್ಟಲಿಗೆ ಹಾಕಿದಳು. ಅವಳಿಗೆ ಏನೂ ತಿಳಿಯಲಿಲ್ಲ.

ಎರಡು ದಿನ ಕಳೆದು, ಭೂತಗನ್ನಡಿ ಹಿಡಿದು ಕುಳಿತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ ಕೂಗಿದಳು. ಅಮ್ಮ ಒಲೆ ಮೇಲಿನದನ್ನು ಬಿಟ್ಟು ಓಡಿಬಂದಳು.

"ಹಲ್ಲು! ಇಲ್ನೋಡೇ, ಹಲ್ಲಿನ ಗುರುತು! ಮೇಲಿನ ದವಡೆ, ಎಡಗಡೆ ಕೋರೆ. ಹಾಲುಹಲ್ಲು ಕಣೇ ಇದು. ಅಗಲ ನೋಡಿದ್ರೆ ಆರು ವರ್ಷದ ಮಗು. ಹೆಣ್ಣುಮಗು ಅಂತ ನನ್ನ ಲೆಕ್ಕ. ಬಿದ್ದು ಹಲ್ಲಿನ ತುದಿ ಚಕ್ಕೆ ಎದ್ದಿದೆ, ಎರಡು ಮೊನೆಯಾಗಿದೆ, ನೋಡು!"

ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳ ಮೊಣಕೈ ಪಕ್ಕದಲ್ಲೇ ನಿಂತಿದ್ದೆ, ಹಿಂದಿನ ವರ್ಷ ಮೆಟ್ಟಿಲ ಮೇಲೆ ಬಿದ್ದು ಚಕ್ಕೆ ಎದ್ದಿದ್ದ ಕೋರೆಹಲ್ಲನ್ನು ತುಟಿಯ ಹಿಂದೆ ಮುಚ್ಚಿಕೊಂಡು. ಊರವರ ಬಾಯನ್ನೆಲ್ಲ ನೋಡಿದವಳಿಗೆ ಪಕ್ಕದ ಬಾಯಿ ಕಾಣಲಿಲ್ಲ. ಮಾರುವವನು ಆ ನಾಣ್ಯವನ್ನು ಮೊದಲೇ ತಿಕ್ಕಿ ತೊಳೆದು ಬೆಳ್ಳಗೆ ಮಾಡಿದ್ದ, ಹಾಗಾಗಿ ಹಳೆಯ ಗಾಯ ಯಾವುದು ಹೊಸದು ಯಾವುದು ಎಂದು ಗುರುತಿಸುವುದೂ ಕಷ್ಟವಿತ್ತು. ನಾನು ಹೇಳಬಹುದಿತ್ತು. ಆದರೆ ದೊಡ್ಡಮ್ಮ ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲೇ ಇಲ್ಲ. ಹೊಡೆತಕ್ಕೆ ಹೆದರಿ ಸುಮ್ಮನಾದೆ ಎಂದರೆ ಸುಳ್ಳಾಗುತ್ತದೆ. ಆ ಸಂತೋಷಕ್ಕೆ ಹೆದರಿದೆ.

ಅಂದಿನ ಚೀಟಿಯಲ್ಲಿ ಹೀಗೆ ಬರೆದಳು: "ಗ್ರೀಕರು ಕಡಲಾಚೆ ಕಟ್ಟಿದ ಬಂದರು. ಚಕ್ರ. ಹಲ್ಲಿನ ಗುರುತು: ಹುಡುಗಿ, ವಯಸ್ಸು ಆರು. ಹೆಸರು ತಿಳಿಯದು."

ಅಲ್ಲಿಂದ ಆ ಹುಡುಗಿ ನಮ್ಮ ಮನೆಗೆ ಬಂದಳು. ಮೋಟಾರು ಗುಂಯ್‌ಗುಡುವಾಗ, ಗುಲಾಬಿ ಮೇಣ ಕರಗುವಾಗ, ದೊಡ್ಡಮ್ಮ ಅವಳ ಸುದ್ದಿ ಹೇಳುತ್ತಿದ್ದಳು. ಅವಳ ಮನೆ ಬಂದರಿನ ಹಿಂದಿನ ಏರಿನಲ್ಲಿದೆ. ಮನೆಗೆ ಒಂದೇ ಕಿಟಕಿ, ಅದರಲ್ಲಿ ಹಡಗಿನ ಹಾಯಿಗಳು ಮಾತ್ರ ಕಾಣುತ್ತವೆ. ಅವಳಮ್ಮ ಬಲೆ ಹೊಲಿಯುತ್ತಾಳೆ. ಸಂತೆಗೆ ಕಳಿಸುವಾಗ ಕೆನ್ನೆಯಲ್ಲಿ ಒಂದು ಕಾಸು ಇಟ್ಟು, "ಮಾತಾಡಬೇಡ, ಬಾಯಿ ಬಿಡಬೇಡ" ಎಂದು ಹೇಳಿ ಕಳಿಸುತ್ತಾಳೆ. ಆದರೆ ದಾರಿಯಲ್ಲಿ ಎಷ್ಟೊಂದಿದೆ ನೋಡಲು! ಕಲ್ಲಿನ ಕಟ್ಟೆಯ ಮೇಲೆ ಒಣಗಲು ಹಾಕಿದ ಮೀನು, ಬಣ್ಣದ ತೊಟ್ಟಿಗಳು, ಯಾರದೋ ಭಾಷೆಯಲ್ಲಿ ಬೈದಾಡುವ ನಾವಿಕರು. ಹುಡುಗಿಗೆ ನಗು ಬರುತ್ತದೆ. ನಕ್ಕರೆ ಕಾಸು ಬೀಳುತ್ತದೆ. ಅದಕ್ಕೇ ಕಚ್ಚಿ ಹಿಡಿಯುತ್ತಾಳೆ.

"ನಗು ತಡ್ಕೊಳಕ್ಕೆ ಕಚ್ಚಿದ್ದು ಅದು," ಎನ್ನುತ್ತಿದ್ದಳು ದೊಡ್ಡಮ್ಮ ಖಚಿತವಾಗಿ.

ನಾನು ಬೆಳೆದೆ, ಆ ಹುಡುಗಿ ಬೆಳೆಯಲಿಲ್ಲ. ನಾನು ಪರೀಕ್ಷೆಯಲ್ಲಿ ಜಾರಿದೆ, ಅಮ್ಮನಿಗೆ ಎದುರಾಡಿದೆ, ದೊಡ್ಡಮ್ಮನಿಗೆ ಹೇಳದೆ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದೆ. ಅವಳು ಮಾತ್ರ ಆರೇ ವರ್ಷದವಳಾಗಿ, ಚೊಕ್ಕವಾಗಿ, ಹೇಳಿದ ಮಾತು ಕೇಳುತ್ತ ಬಂದರಿನಲ್ಲಿ ನಡೆಯುತ್ತಿದ್ದಳು. "ಅವಳು ಹೀಗೆ ಮಾಡ್ತಿದ್ಲಾ?" ಎಂದು ದೊಡ್ಡಮ್ಮ ಒಮ್ಮೊಮ್ಮೆ ತಮಾಷೆಗೆ ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿಲ್ಲದ ದೊಡ್ಡಮ್ಮನಿಗೆ ಅವಳು ಮಗಳಾಗಿಬಿಟ್ಟಿದ್ದಳು, ಅದು ಎಲ್ಲರಿಗೂ ಗೊತ್ತಿತ್ತು. ಪ್ರಪಂಚದಲ್ಲಿ ಯಾರಿಗಾದರೂ ತನ್ನ ಹಲ್ಲಿನ ಮೇಲೆ ತನಗೇ ಹೊಟ್ಟೆಕಿಚ್ಚು ಹುಟ್ಟಿದ್ದುಂಟೇ? ನನಗೆ ಹುಟ್ಟಿತು, ಏನು ಮಾಡಲಿ.

ನಾಣ್ಯ ಕಚ್ಚಿದ ಕೆಲವೇ ತಿಂಗಳಿಗೆ, ನನಗೆ ಏಳು ತುಂಬಿದ ಮೇಲೆ, ನನ್ನ ಒಂದು ದವಡೆ ಹಲ್ಲು ಹುಳುಕಾಗಿ ಕೀಳಿಸಬೇಕಾಯಿತು. ಆ ಜಾಗ ಮುಚ್ಚಿಹೋಗದಂತೆ ಒಂದು ತಗಡು ಮಾಡಲು ನನ್ನ ಬಾಯಿಯ ಪ್ಲಾಸ್ಟರ್ ಅಚ್ಚು ತೆಗೆದವಳೂ ದೊಡ್ಡಮ್ಮನೇ. ಎರಡು ಮೊನೆಯ ಅದೇ ಕೋರೆಹಲ್ಲನ್ನು ಬೆರಳಿನಲ್ಲಿ ಸವರಿದಳು. ಅವಳಿಗೆ ಏನೂ ಹೊಳೆಯಲಿಲ್ಲ. ಅಷ್ಟು ಹೊತ್ತಿಗೆ ಗ್ರೀಕ್ ಹುಡುಗಿಗೆ ಅವಳದೇ ಒಂದು ಮುಖ ಬಂದಿತ್ತು.

ವರ್ಷಗಳು ಕಳೆದವು. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾದೆ. ದಿನವಿಡೀ ಜನ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡುವುದನ್ನು ಟೈಪು ಮಾಡಿ, ಸಂಜೆ ಮನೆಗೆ ಬಂದು ಗ್ರೀಕ್ ಹುಡುಗಿಯ ಕತೆ ಕೇಳುತ್ತಿದ್ದೆ.

ಊರಿನಲ್ಲಿ ನಾಣ್ಯಾಸಕ್ತರದೊಂದು ಕೂಟವಿದೆ. ತಿಂಗಳಿಗೊಂದು ಭಾನುವಾರ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಸೇರುತ್ತಾರೆ. ಅದರ ಕಾರ್ಯದರ್ಶಿ ಗಡಿಯಾರ ರಿಪೇರಿಯವರು. ಕಳೆದ ವರ್ಷ ಅವರು ಮನೆಗೆ ಬಂದು, "ಹಲ್ಲಮ್ಮನವರೇ, ಮುಂದಿನ ತಿಂಗಳು ನಿಮ್ಮ ಭಾಷಣ. ಇಲ್ಲ ಅನ್ನಂಗಿಲ್ಲ. ಮ್ಯೂಸಿಯಂನಲ್ಲಿ ಮೂವತ್ತು ವರ್ಷ ನಾಣ್ಯ ನೋಡ್ಕೊಂಡಿದ್ದವರು ಬರ್ತಾರೆ. ಸೂಕ್ಷ್ಮದರ್ಶಕ ತರ್ತಾರಂತೆ. ನಿಮ್ಮ ಹಲ್ಲಿನ ನಾಣ್ಯ ನೋಡಲೇಬೇಕು ಅಂತಿದ್ದಾರೆ," ಎಂದರು.

ದೊಡ್ಡಮ್ಮನ ಮುಖ ಅರಳಿತು. ಭೂತಗನ್ನಡಿಗೆ ಸುಳ್ಳು ಹೇಳಬಹುದು, ಸೂಕ್ಷ್ಮದರ್ಶಕಕ್ಕೆ ಹೇಳಲಾಗುತ್ತದೆಯೇ? ಗುರುತು ಹೊಸದು ಎಂದು ಆ ಮನುಷ್ಯ ಎಲ್ಲರೆದುರು ಹೇಳಿದರೆ ಅರವತ್ತೈದು ದಾಟಿದ ದೊಡ್ಡಮ್ಮ ತಲೆ ತಗ್ಗಿಸಿ ಮನೆಗೆ ಬರಬೇಕು. ನಾನು ಮೊದಲೇ ಹೇಳಿಬಿಟ್ಟರೆ ಅವಳ ಮಾನ ಉಳಿಯುತ್ತದೆ, ಮಗಳು ಹೋಗುತ್ತಾಳೆ. ತಿಂಗಳಿಡೀ ಇವೆರಡರ ನಡುವೆ ಒದ್ದಾಡಿದೆ. ಇವತ್ತು ಹೇಳುತ್ತೇನೆ ಎಂದು ಮೆಟ್ಟಿಲಿಳಿದು ಹೋಗುವುದು, ಅವಳ ಮುಖ ನೋಡಿ ವಾಪಸು ಬರುವುದು, ಇದೇ ಆಯಿತು.

ಭಾಷಣದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವಳು ಹಲ್ಲು ಜೋಡಿಸುತ್ತ ಹೇಳುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಚಾವಣಿಯಲ್ಲಿ ಅವೇ ಬೆಳಕಿನ ಉಂಗುರಗಳು ತೂಗುತ್ತಿದ್ದವು.

"ಬರ್ಕೋ. ನಲವತ್ತು ವರ್ಷ ಹಲ್ಲಿನ ಕೆಲಸ ಮಾಡಿದ ಅನುಭವದ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ, ಈ ಹಲ್ಲು ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಹುಡುಗಿಯದು..."

ನನ್ನ ಬೆರಳು ನಿಂತವು.

"ಯಾಕೆ ನಿಲ್ಸಿದೆ?"

"ದೊಡ್ಡಮ್ಮ, ಅದು ನಂದು."

"ಯಾವ್ದು?"

"ಹಲ್ಲು. ಚಕ್ರದ ನಾಣ್ಯದ ಮೇಲಿರೋದು. ನಾನು ಕಚ್ಚಿದ್ದು ಅದು."

ಅವಳು ನಕ್ಕಳು. "ಹೋಗೇ. ಮೊದಲಿಂದ್ಲೂ ನಿಂಗೆ ಅವಳನ್ನ ಕಂಡ್ರೆ ಆಗಲ್ಲ."

ನಾನು ಎಲ್ಲವನ್ನೂ ಹೇಳಿದೆ. ಪೊಟ್ಟಣ, ಬಾಗಿಲು ಬಡಿದದ್ದು, ಕೆನ್ನೆ, ಮೂರು ಸುತ್ತು, ಗಂಟಲು, ಲಂಗಕ್ಕೆ ಒರೆಸಿದ್ದು. ಅವಳ ನಗು ನಿಧಾನವಾಗಿ ಇಳಿಯಿತು. ಕೈಯಲ್ಲಿದ್ದ ಹಲ್ಲನ್ನು ಮೇಣದಲ್ಲಿ ನೆಟ್ಟಗೆ ಕೂರಿಸಿ, ಸರಿಯಾಗಿದೆಯೇ ಎಂದು ಬಾಗಿ ನೋಡಿ, ಆಮೇಲೆ ಎದ್ದಳು. ಕಪಾಟು ತೆರೆದು ಮೇಲಿನ ಅರೆಯಿಂದ ನನ್ನ ಬಾಯನ್ನು ತೆಗೆದು ಧೂಳು ಊದಿದಳು. ಒಂದು ಮೇಣದ ಹಾಳೆಯನ್ನು ಬಿಸಿ ಮಾಡಿ ಮೆದು ಮಾಡಿಕೊಂಡು, ಪ್ಲಾಸ್ಟರಿನ ಕೋರೆಹಲ್ಲನ್ನು ಅದಕ್ಕೆ ಒತ್ತಿದಳು. ಕೆಳಗಿನ ಅರೆಯಿಂದ ನಾಣ್ಯ ತಂದು ಆ ಒತ್ತಿನ ಪಕ್ಕದಲ್ಲಿಟ್ಟಳು. ಯಾವುದರಲ್ಲೂ ಅವಸರವಿರಲಿಲ್ಲ, ದಿನಾ ಮಾಡುವ ಕೆಲಸದ ಹಾಗೆಯೇ ಮಾಡಿದಳು. ಭೂತಗನ್ನಡಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸಿ ತುಂಬ ಹೊತ್ತು ನೋಡಿದಳು.

ಎರಡು ಮೊನೆ. ಒಂದು ತುಸು ಉದ್ದ, ಇನ್ನೊಂದು ಗಿಡ್ಡ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಟೈಪ್ ಮಾಡಿದ್ದು ಅಳಿಸು," ಎಂದಳು.

"ದೊಡ್ಡಮ್ಮ..."

"ಇಪ್ಪತ್ತೆಂಟು ವರ್ಷ ಸಾಕಿದೀನಲ್ಲೇ ಅವಳನ್ನ." ಅಷ್ಟು ಹೇಳಿ ಅತ್ತುಬಿಟ್ಟಳು. ನಾನೂ ಅತ್ತೆ. ಅವಳ ಕೈ ಹಿಡಿಯಲು ಹೋದೆ, "ಮೇಣದ ಕೈ, ಅಂಟುತ್ತೆ" ಎಂದು ಹಿಂದಕ್ಕೆ ಎಳೆದುಕೊಂಡಳು. ಮೇಲೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ ಮೊದಲ ಬಾರಿಗೆ ನಾಣ್ಯದ ವಿಷಯದಲ್ಲಿ ಅಕ್ಕನ ಪಕ್ಷ ಹಿಡಿದಳು. "ಪಾಪಿ, ಒಂದೋ ಅವತ್ತೇ ಹೇಳ್ಬೇಕಿತ್ತು, ಇಲ್ಲ ಸಾಯೋವರೆಗೂ ಬಾಯಿ ಮುಚ್ಕೊಂಡಿರ್ಬೇಕಿತ್ತು!" ಎಂದು ಉಗಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಭಾನುವಾರ ದೊಡ್ಡಮ್ಮ ಹೋಗುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಮೂರು ಗಂಟೆಗೆ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಹೆಗಲಿಗೆ ಭಾರದ ಚೀಲ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ಏನೇ, ಬರ್ತೀಯೋ ಇಲ್ವೋ? ನೀನಿಲ್ದೆ ಭಾಷಣ ನಡೆಯಲ್ಲ."

ಚಿತ್ರಕಲೆಯ ಕೋಣೆಯಲ್ಲಿ ಹದಿನೈದಿಪ್ಪತ್ತು ಜನರಿದ್ದರು. ಮ್ಯೂಸಿಯಂನವರು ಸೂಕ್ಷ್ಮದರ್ಶಕವನ್ನು ಕಿಟಕಿಯ ಪಕ್ಕ ಇಟ್ಟುಕೊಂಡು ಕುಳಿತಿದ್ದರು. ನಾನು ಮೂರನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕುಳಿತೆ. ದೊಡ್ಡಮ್ಮ ಚೀಲದಿಂದ ನಾಣ್ಯದ ತಟ್ಟೆ ತೆಗೆದಿಟ್ಟಳು. ಅದರ ಪಕ್ಕದಲ್ಲಿ ನನ್ನ ಬಾಯಿಯನ್ನೂ ಇಟ್ಟಳು.

ಬಂದರಿನ ಕತೆಯಿಂದಲೇ ಶುರುಮಾಡಿದಳು. ಏರಿನ ಮನೆ, ಒಂದೇ ಕಿಟಕಿ, ಹಾಯಿಗಳು. ಕಾರ್ಯದರ್ಶಿಗಳ ಕಣ್ಣು ಅರೆಮುಚ್ಚಿತ್ತು. ಒಂದು ಕ್ಷಣ ನನಗೂ ಮೀನಿನ ವಾಸನೆ ಬಂತು. ಹುಡುಗಿ ಕಾಸನ್ನು ಕಚ್ಚಿ ಹಿಡಿಯುವಲ್ಲಿಗೆ ಬಂದು ದೊಡ್ಡಮ್ಮ ನಿಲ್ಲಿಸಿದಳು.

"ಇಲ್ಲಿವರೆಗೆ ಹೇಳಿದ್ದು ನನ್ನ ಕನಸು. ಈಗ ಸತ್ಯ ಹೇಳ್ತೀನಿ. ಈ ಹಲ್ಲು ಆರು ವರ್ಷದ ಹುಡುಗಿಯದು ಅಂತ ಇಪ್ಪತ್ತೆಂಟು ವರ್ಷದ ಹಿಂದೆ ಬರೆದಿಟ್ಟಿದ್ದೆ. ಅದು ಸರಿಯಾಗಿದೆ. ಎಡಗಡೆ ಕೋರೆ ಅಂದಿದ್ದೆ, ಸರಿ. ಬಿದ್ದು ಚಕ್ಕೆ ಎದ್ದಿದೆ ಅಂದಿದ್ದೆ, ಅದೂ ಸರಿ. ತಪ್ಪಿದ್ದು ಎರಡು ಸಾವಿರ ಚಿಲ್ಲರೆ ವರ್ಷ ಮಾತ್ರ." ನನ್ನ ಕಡೆ ಕೈ ತೋರಿಸಿದಳು. "ಹುಡುಗಿ ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳೆ. ಓಡಿಹೋಗಕ್ಕೆ ಬಾಗಿಲ ಹತ್ರ ಜಾಗ ಹಿಡಿದಿದ್ದಾಳೆ."

ಎಲ್ಲರೂ ತಿರುಗಿ ನೋಡಿದರು. ಆಮೇಲೆ ನಗು ಎದ್ದಿತು, ಕೋಣೆ ತುಂಬಿತು. ದೊಡ್ಡಮ್ಮನೂ ನಕ್ಕಳು. ಅವಳ ನಗುವಿನಲ್ಲಿ ನಿನ್ನೆಯ ಅಳು ಇನ್ನೂ ಇತ್ತು, ಅದು ನನಗೆ ಕೇಳಿಸಿತು.

ಮ್ಯೂಸಿಯಂನವರು ನಾಣ್ಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು, ಪ್ಲಾಸ್ಟರನ್ನೂ ತಿರುಗಿಸಿ ನೋಡಿದರು. "ಅಮ್ಮಾ, ನೀವು ಹೇಳದೇ ಇದ್ದಿದ್ರೆ ನಾನೇ ಹೇಳ್ಬೇಕಾಗ್ತಿತ್ತು," ಎಂದರು ಮೆಲ್ಲಗೆ. "ಇಷ್ಟು ಪ್ರೀತಿಯ ವಸ್ತು, ಬೇಜಾರಾಯ್ತೇನೋ. ಆ ಹುಡುಗಿ ಇರ್ಲೇ ಇಲ್ಲ ಅಂದಹಾಗಾಯ್ತಲ್ಲ."

"ಯಾಕಿಲ್ಲ ಸಾರ್?" ಎಂದಳು ದೊಡ್ಡಮ್ಮ. "ಆ ಬಂದರಲ್ಲಿ ಬೇಕಾದಷ್ಟು ಹುಡುಗೀರಿದ್ರು. ಯಾರೂ ಈ ನಾಣ್ಯ ಕಚ್ಚಲಿಲ್ಲ, ಅಷ್ಟೇ. ಒಳ್ಳೇ ಮಕ್ಕಳು."

ಮತ್ತೆ ನಗು. ಜನ ಮೇಜಿನ ಸುತ್ತ ಸೇರಿದರು. ಕಾರ್ಯದರ್ಶಿಗಳು ನನ್ನನ್ನು ಹಿಡಿದು, ಬಾಯಿ ತೆರೆದು ಆ ಹಲ್ಲು ತೋರಿಸೆಂದು ಪೀಡಿಸಿದರು. ಅದು ಉದುರಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು ಎಂದು ತಿಳಿಹೇಳುವಷ್ಟರಲ್ಲಿ ಸಾಕಾಯಿತು.

ಎಲ್ಲರೂ ಹೋದ ಮೇಲೆ ತಟ್ಟೆಯನ್ನು ಚೀಲಕ್ಕಿಡಲು ನಾನು ಕೈಗೆತ್ತಿಕೊಂಡೆ. ಮೊದಲ ಗುಳಿಯಲ್ಲಿ ಬೋಳು ಬಿಲ್ಲೆ ಇತ್ತು. ಅವಳು ಅದರ ಪಕ್ಕಕ್ಕೇ ಚಕ್ರದ ನಾಣ್ಯವನ್ನೂ ಸರಿಸಿರುತ್ತಾಳೆ, ಅದಕ್ಕೂ ದಡ್ಡತನ ಎಂದು ಬರೆದಿರುತ್ತಾಳೆ ಎಂದು ನನಗನ್ನಿಸಿತ್ತು. ಆದರೆ ನಾಣ್ಯ ತನ್ನ ಹಳೆಯ ಗುಳಿಯಲ್ಲೇ ಇತ್ತು. ಅದನ್ನು ಎತ್ತಿ ಕೆಳಗಿನ ಚೀಟಿ ನೋಡಿದೆ. ಮಾಸಿದ ಅದೇ ಹಳೆಯ ಚೀಟಿ. ಬಂದರು, ಚಕ್ರ, ಹುಡುಗಿ, ವಯಸ್ಸು ಆರು, ಎಲ್ಲವೂ ಹಾಗೆಯೇ ಇದ್ದವು. "ಹೆಸರು ತಿಳಿಯದು" ಎಂಬುದರ ಮೇಲೆ ಮಾತ್ರ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಶಾಯಿಯಲ್ಲಿ ಬರೆದಿದ್ದಳು: "ನನ್ನ ಮಗಳು."